ನೊಣದ ಎದೆಬಡಿತ ತೋರಿಸಿದ ಮೇಷ್ಟ್ರು

ಹೋದ ಹುಣ್ಣಿಮೆಯ ದಿನ ಸೊಸೆ ಸತ್ಯನಾರಾಯಣ ಪೂಜೆಗೆ ಸಜ್ಜಿಗೆ ಮಾಡುತ್ತಿದ್ದಳು. ಮನೆಯಲ್ಲಿ ಸಕ್ಕರೆ ಬಿಟ್ಟವರು ಇಬ್ಬರಿದ್ದೇವೆಂದು ಬೆಲ್ಲ ಹಾಕಿದ್ದಳು. ಹುರಿದ ರವೆ, ಕುದಿಯುವ ಬೆಲ್ಲ, ಅದರೊಳಗೆ ಕಿವುಚಿದ ಕಳಿತ ಬಾಳೆಹಣ್ಣು... ಆ ವಾಸನೆ ನಡುಮನೆಯವರೆಗೂ ಬಂತು. ಉಳಿದವರಿಗೆ ಪ್ರಸಾದದ ನೆನಪಾಗಿರಬೇಕು. ನನಗೆ ನೆನಪಾದದ್ದು ನೊಣಗಳು. ಹಾಲಿನ ಬಾಟಲಿಯೊಳಗೆ, ಹತ್ತಿಯ ಬಿರಡೆಯ ಕೆಳಗೆ, ಎಳ್ಳುಕಾಳಿಗಿಂತ ತುಸು ದೊಡ್ಡವಾದ, ಕೆಂಪು ಕಣ್ಣಿನ ಹಣ್ಣುನೊಣಗಳು. ಅವುಗಳ ಹಿಂದೆಯೇ ಪ್ರಯೋಗಕ್ಕೆಂದು ಅವನ್ನು ಸಾಕಿದ ನಮ್ಮ ಮೇಷ್ಟ್ರೂ ನೆನಪಾದರು.

ಅವರು ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಹೇಳುತ್ತಿದ್ದರು. ಅರವತ್ತರ ದಶಕದ ಮೊದಲ ವರ್ಷಗಳು ಅವು. ತೊಂಡೇಬಾವಿ ಕಡೆಯವರು, ಮೈಸೂರಿನಲ್ಲಿ ಓದಿ ಬಂದಿದ್ದರು. ಕುಳ್ಳಗೆ, ದುಂಡಗೆ ಇದ್ದರು. ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ಭೂತಗನ್ನಡಿ. ಮೈಸೂರಿನಿಂದ ಮೊದಲ ನೊಣಗಳನ್ನು ತರುವಾಗ ಚಳಿಗೆ ಸತ್ತುಹೋದಾವೆಂದು ಬಾಟಲಿಯನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಟ್ಟುಕೊಂಡು ಬಂದಿದ್ದರಂತೆ. ರೈಲಿನಲ್ಲಿ ಪಕ್ಕದವರು, ಹೊಟ್ಟೆನೋವಾ ಸ್ವಾಮಿ, ಓಂಕಾಳು ಕೊಡಲಾ ಎಂದು ದಾರಿಯುದ್ದಕ್ಕೂ ಉಪಚರಿಸಿದರೆಂದು ಅವರೇ ಹೇಳಿ ನಗುತ್ತಿದ್ದರು.

ನೊಣಗಳಿಗೆ ರವೆ, ಬೆಲ್ಲ, ಬಾಳೆಹಣ್ಣಿನ ಅಡುಗೆ ಮಾಡುತ್ತಿದ್ದವರು ಅವರ ಹೆಂಡತಿ. ಅವರನ್ನು ನಾವೆಲ್ಲ ಅಕ್ಕಾವ್ರು ಎನ್ನುತ್ತಿದ್ದೆವು. ಅಡುಗೆ ತಿರುವುತ್ತಾ ಅವರು ಹೇಳುತ್ತಿದ್ದ ಮಾತು ಈಗಲೂ ಕಿವಿಯಲ್ಲಿದೆ: "ದೇವ್ರಿಗೆ ಹುಣ್ಣಿಮೆಗೊಂದ್ಸಲ ಸಜ್ಜಿಗೆ. ಈ ಮಹಾರಾಯ್ರಿಗೆ ವಾರವಾರ. ತುಪ್ಪ ಒಂದಿಲ್ಲ ಅಂತ ಯಾವತ್ತು ಕೇಳ್ತಾವೋ ಏನೋ."

ನಾನು ಆ ಕಾಲೇಜಿಗೆ ಸೇರಿದ್ದೇ ಒಂದು ಕಾಯಿಲೆಯ ದೆಸೆಯಿಂದ. ಹನ್ನೊಂದು ವರ್ಷದವಳಿದ್ದಾಗ ಕೀಲುಗಳೆಲ್ಲ ಊದಿಕೊಳ್ಳುವ ಜ್ವರ ಬಂದು ತಿಂಗಳುಗಟ್ಟಲೆ ಮಲಗಿದ್ದೆ. ಕೆಂಚಾರ್ಲಹಳ್ಳಿಯಿಂದ ಗಾಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಮಲಗಿಸಿಕೊಂಡು ಚಿಂತಾಮಣಿಗೆ ಕರೆದೊಯ್ದಿದ್ದರು. ಅಲ್ಲಿನ ವೈದ್ಯರೊಬ್ಬರು ಎದೆಗೆ ಕೊಳವೆ ಇಟ್ಟು ಕೇಳಿ, ಜ್ವರ ಗುಂಡಿಗೆಗೂ ತಾಕಿದೆ, ಜೋಪಾನ ಎಂದರು. ಆ ಜೋಪಾನ ಎಂಬ ಒಂದು ಮಾತನ್ನು ನಮ್ಮ ಮನೆಯವರು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡರೆಂದರೆ, ಆಮೇಲೆ ನಾನು ಒಂದು ಬಿಂದಿಗೆ ಎತ್ತಲಿಲ್ಲ, ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಮುಟ್ಟಲಿಲ್ಲ, ಓಡಲಿಲ್ಲ. ರೇಷ್ಮೆಹುಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಕಳಚಿ, ಎದ್ದು ಹಗಲೂ ರಾತ್ರಿ ಮೇಯುವಾಗ ಮನೆಮಂದಿಯೆಲ್ಲ ನಿದ್ದೆಗೆಟ್ಟು ಸೊಪ್ಪು ಹಾಕುತ್ತಿದ್ದರೆ, ನಾನೊಬ್ಬಳು ಗೋಡೆಗೆ ಒರಗಿ ಕೂತು ನೋಡುತ್ತಿದ್ದೆ.

ಹುಡುಗಿ ದೊಡ್ಡವಳಾದಳೆಂದು ನನ್ನ ಮದುವೆಯ ಮಾತು ಬಂತು. ಅಪ್ಪ ಬೇಡ ಎಂದರು. "ಇನ್ನೊಬ್ರ ಮನೆಗೆ ಕಳ್ಸಿ, ಅಲ್ಲೇನಾದ್ರೂ ಆದ್ರೆ ಏನಂತ ಹೇಳೋಣ? ಕೂತ್ಕಂಡು ಮಾಡೋ ಕೆಲ್ಸ ಓದೊಂದೇ. ಓದ್ಲಿ ಬಿಡು." ಹಾಗೆ ನಮ್ಮ ಊರಿನಲ್ಲಿ ಹೈಸ್ಕೂಲು ಮುಗಿಸಿದ ಮೊದಲ ಹುಡುಗಿ ನಾನಾದೆ. ಚಿಕ್ಕಬಳ್ಳಾಪುರದಲ್ಲಿ ಸೋದರತ್ತೆಯ ಮನೆ ಇತ್ತು. ಹಾಸಿಗೆ ಸುತ್ತಿಕೊಂಡು ಚಿಕ್ಕರೈಲು ಹತ್ತಿ ಬಂದೆ.

ಇದಿಷ್ಟು ಎಲ್ಲರಿಗೂ ಗೊತ್ತಿದ್ದ ಸಂಗತಿ. ಯಾರಿಗೂ ಗೊತ್ತಿಲ್ಲದ್ದು ಇನ್ನೊಂದಿತ್ತು. ಆಗೀಗ ನನ್ನ ಎದೆಬಡಿತ ತಪ್ಪುತ್ತಿತ್ತು. ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ಕತ್ತಲಲ್ಲಿ ಕಾಲಿಟ್ಟಾಗ ಅಲ್ಲಿ ಮೆಟ್ಟಿಲೇ ಇಲ್ಲದಿದ್ದರೆ ಹೇಗೆ ಜೀವ ಜಗ್ ಎನ್ನುತ್ತದೆ, ಹಾಗೆ. ಒಳಗೆ ಎಲ್ಲವೂ ಸುಮ್ಮನಾಗುತ್ತಿತ್ತು. ಮರುಕ್ಷಣ ಯಾರೋ ಒಳಗಿನಿಂದ ಗುದ್ದಿದ ಹಾಗೆ ಧಡ್ ಎಂದು ಒಂದೇ ಒಂದು ದೊಡ್ಡ ಬಡಿತ. ಆಮೇಲೆ ಏನೂ ಆಗಿಲ್ಲವೆಂಬಂತೆ ಮಾಮೂಲು. ಪ್ರತಿಸಲವೂ ನಾನು ಒಂದೇ ಯೋಚನೆ ಮಾಡುತ್ತಿದ್ದೆ: ಈ ಸಲ ಮತ್ತೆ ಶುರುವಾಯಿತು, ಮುಂದಿನ ಸಲ ಆಗದಿದ್ದರೆ? ಹೇಳಿದರೆ ಮನೆಗೆ ವಾಪಸು ಕರೆದುಕೊಂಡು ಹೋಗಿ ಆ ಗೋಡೆಗೇ ಒರಗಿಸುತ್ತಾರೆಂದು ಹೇಳಿರಲಿಲ್ಲ. ಹದಿನೆಂಟು ವರ್ಷದ ಹುಡುಗಿ ದಿನಾ ಸಾಯುವುದಕ್ಕೆ ತಯಾರಾಗಿ ಕಾಲೇಜಿಗೆ ಹೋಗುತ್ತಿದ್ದೆ ಎಂದರೆ ಈಗ ನನಗೇ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ಕಾಲೇಜಿನಲ್ಲಿ ಸಂಜೆ ಆಟದ ಪೀರಿಯಡ್ ಇತ್ತು. ನನಗೆ ಆಟ ಇಲ್ಲವಲ್ಲ, ಪ್ರಯೋಗಶಾಲೆಯ ಜಗಲಿಯ ಮೇಲೆ ಕೂತಿರುತ್ತಿದ್ದೆ. ಒಂದು ದಿನ ಮೇಷ್ಟ್ರು ಕಿಟಕಿಯಿಂದ ತಲೆ ಹಾಕಿದರು.

"ಏನಮ್ಮ, ನಿಮ್ಮನೇಲಿ ರೇಷ್ಮೆಹುಳು ಸಾಕ್ತಾರಲ್ವಾ? ಹುಳು ಕಂಡ್ರೆ ಅಸಹ್ಯ ಇಲ್ಲ ತಾನೇ?"

"ಇಲ್ಲ ಸಾರ್."

"ಹಂಗಾದ್ರೆ ಒಳಗೆ ಬಾ. ಒಂದು ಎದೆಬಡಿತ ನೋಡುವಂತೆ."

ಕಿಟಕಿಯ ಬಳಿ ಹಿತ್ತಾಳೆಯ ಸೂಕ್ಷ್ಮದರ್ಶಕ ಇತ್ತು. ಕೆಳಗಿನ ಕನ್ನಡಿಯನ್ನು ಸಂಜೆಯ ಬಿಸಿಲಿಗೆ ತಿರುಗಿಸಿಟ್ಟಿದ್ದರು. ಅದರಡಿ ನೊಣದ ಒಂದು ಬಿಳಿ ಚಿಪ್ಪು ಇಟ್ಟಿದ್ದರು. ನೊಣದ ಮರಿಹುಳು ತಿಂದು ತಿಂದು ಬಾಟಲಿಯ ಗೋಡೆ ಹತ್ತಿ, ಅಲ್ಲಾಡದೆ ಅಂಟಿಕೊಂಡು, ನೊಣವಾಗುವುದಕ್ಕೆ ತನ್ನ ಚರ್ಮವನ್ನೇ ಚಿಪ್ಪು ಮಾಡಿಕೊಳ್ಳುತ್ತದೆ. ಆ ಚಿಪ್ಪು ಮೊದಲು ಬಿಳಿಯಾಗಿದ್ದು, ಸ್ವಲ್ಪ ಹೊತ್ತಿನಲ್ಲೇ ಕಂದು ತಿರುಗುತ್ತದೆ. ಬಿಳಿಯಾಗಿರುವಷ್ಟು ಹೊತ್ತು ಮಾತ್ರ ಒಳಗಿನದು ಕಾಣುತ್ತದೆ. ನಾನು ಕಣ್ಣಿಟ್ಟೆ. ಮೊದಲು ಬರೀ ಹಾಲಿನ ಬಣ್ಣ. ಆಮೇಲೆ, ಬೆನ್ನಿನ ಉದ್ದಕ್ಕೂ ಒಂದು ತೆಳ್ಳನೆಯ ಕೊಳವೆ. ಅದರ ಎರಡು ಗೋಡೆಗಳು ಹತ್ತಿರ ಬರುತ್ತಿದ್ದವು, ದೂರ ಹೋಗುತ್ತಿದ್ದವು...

"ಎದೆ ಅಂದ್ರಿ, ಇದು ಬೆನ್ನಲ್ಲಿದೆ ಸಾರ್."

"ಅದ್ರ ಎದೆ ಬೆನ್ನಲ್ಲೇ ಇರೋದು. ನಿಮ್ಮ ರೇಷ್ಮೆಹುಳದ್ದೂ ಅಲ್ಲೇ. ನಿಂಗ್ಯಾಕಮ್ಮ ಬೇಜಾರು?"

ಗೂಡು ಕಟ್ಟುವಷ್ಟು ಹಣ್ಣಾದ ರೇಷ್ಮೆಹುಳದ ಬೆನ್ನಿನ ಮೇಲೆ ಒಂದು ಗೆರೆ ಅಲೆಯ ಹಾಗೆ ಓಡುವುದನ್ನು ಗೋಡೆಗೆ ಒರಗಿ ಕೂತು ಎಷ್ಟೋ ಸಲ ನೋಡಿದ್ದೆ. ಅದು ಅದರ ಹೃದಯವೆಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅವತ್ತಿನಿಂದ ಆಟದ ಪೀರಿಯಡ್ಡಿನಲ್ಲಿ ನನ್ನ ಜಾಗ ಆ ಕಿಟಕಿಯಾಯಿತು. ಮೇಷ್ಟ್ರ ಪ್ರಶ್ನೆ ಕೇಳುವುದಕ್ಕೆ ಸರಳವಾಗಿತ್ತು. ಹೃದಯ ಬೇಗಬೇಗ ಹೊಡೆದುಕೊಂಡಾಗ ಪ್ರತಿ ಬಡಿತದ ಹಿಡಿತ, ಅಂದರೆ ಗೋಡೆ ಮುದುಡುವ ಬಲ, ಜೋರಾಗುತ್ತದೆಯೋ, ಸಡಿಲವಾಗುತ್ತದೆಯೋ? ಕಪ್ಪೆಯ ಹೃದಯದ ಮೇಲೆ ದೊಡ್ಡದೊಡ್ಡವರು ಕೆಲಸ ಮಾಡಿದ್ದಾರೆ, ನೊಣದ್ದನ್ನು ಯಾರು ನೋಡಿದ್ದಾರೋ ನನಗೆ ಸಿಕ್ಕಿಲ್ಲ, ನಾವೇ ನೋಡೋಣ ಎಂದರು. ಚಿಪ್ಪನ್ನು ಗಾಜಿನ ತಟ್ಟೆಯ ನೀರಿನ ಮೇಲಿಡುವುದು. ಒಮ್ಮೆ ಹೂಜಿಯ ತಣ್ಣೀರು, ಒಮ್ಮೆ ಉಗುರುಬೆಚ್ಚಗಿನ ನೀರು. ನಾನು ಕಣ್ಣಿಟ್ಟುಕೊಂಡು ಬಡಿತಕ್ಕೆ ಸರಿಯಾಗಿ ಮೇಜಿನ ಮೇಲೆ ಪೆನ್ಸಿಲ್ ತಟ್ಟುವುದು, ಅವರು ಗಡಿಯಾರ ಹಿಡಿದು ಎಣಿಸುವುದು. ಕಣ್ಣಿಡುವ ಗಾಜಿನೊಳಗೆ ಸಣ್ಣ ಅಳತೆಯ ಗೆರೆಗಳಿದ್ದವು. ಕೊಳವೆ ಪೂರ್ತಿ ತೆರೆದಾಗ ಎಷ್ಟು ಗೆರೆ, ಮುದುಡಿದಾಗ ಎಷ್ಟು ಗೆರೆ ಎಂದು ನಾನು ಹೇಳುವುದು.

ತಣ್ಣೀರಿನ ಮೇಲೆ ಅದು ನಿಧಾನವಾಗಿ, ಆರಾಮವಾಗಿ ಹೊಡೆದುಕೊಳ್ಳುತ್ತಿತ್ತು. ಪೂರ್ತಿ ತೆರೆಯುತ್ತಿತ್ತು, ಗೋಡೆಗೆ ಗೋಡೆ ತಾಕುವಷ್ಟು ಮುದುಡುತ್ತಿತ್ತು. ನೀರು ಬೆಚ್ಚಗಾಗುತ್ತಿದ್ದಂತೆ ನನ್ನ ಪೆನ್ಸಿಲ್ ಓಟ ಕೀಳುತ್ತಿತ್ತು. ಆಗ ಕೊಳವೆ ಪೂರ್ತಿ ತೆರೆಯುವುದಕ್ಕೆ ಮುಂಚೆಯೇ ಮುದುಡಿ, ಪೂರ್ತಿ ಮುದುಡುವುದಕ್ಕೆ ಮುಂಚೆಯೇ ತೆರೆದು, ನಡುಗುವ ದಾರದ ಹಾಗೆ ಕಾಣುತ್ತಿತ್ತು. ಬಡಿತ ಹೆಚ್ಚಾದಷ್ಟೂ ಒಂದೊಂದು ಬಡಿತದ ಹಿಡಿತ ಕಡಿಮೆ. ನನಗೆ ಅಷ್ಟಕ್ಕೇ ಸಂತೋಷ. ಉತ್ತರ ಸಿಕ್ಕಿತಲ್ಲ ಸಾರ್ ಎಂದೆ.

ಅವರು ತಲೆ ಅಲ್ಲಾಡಿಸಿದರು. "ಎಲ್ಲಿ ಸಿಕ್ತು? ಬಡಿತ ಜಾಸ್ತಿ ಆಗಿದ್ದಕ್ಕೆ ಹಿಂಗಾಯ್ತೋ, ಬಿಸಿಗೆ ಮಾಂಸವೇ ಬೇರೆ ಥರ ಆಡ್ತೋ? ಎರಡೂ ಒಟ್ಟಿಗೇ ಆಗಿದೆಯಲ್ಲಮ್ಮ. ಬಿಸಿ ತಣ್ಣಗೆ ಏನೂ ಮಾಡದೆ ಅದರ ಪಾಡಿಗೆ ಅದು ವೇಗ ಬದಲಾಯಿಸಿದಾಗ ನೋಡ್ಬೇಕು."

ಅದು ತನ್ನ ಪಾಡಿಗೆ ತಾನು ವೇಗ ಬದಲಾಯಿಸುವುದನ್ನು ಕಾಯುವುದೆಂದರೆ, ಸಂಜೆಗಳ ಮೇಲೆ ಸಂಜೆ ಸುಮ್ಮನೆ ನೋಡುತ್ತಾ ಕೂರುವುದು. ಅವರಿಗೆ ಅಂಥವರು ಒಬ್ಬರು ಬೇಕಿತ್ತು. ಗೋಡೆಗೆ ಒರಗಿ ಬೆಳೆದವಳಿಗೆ ಕೂರುವುದು ಕಷ್ಟವಾಗಲಿಲ್ಲ. ನಡುನಡುವೆ ಅಕ್ಕಾವ್ರು ಕಾಫಿ ಕಳಿಸುತ್ತಿದ್ದರು. ಮೇಷ್ಟ್ರು ಒಂದು ಕಣ್ಣು ಗಡಿಯಾರದ ಮೇಲಿಟ್ಟುಕೊಂಡೇ ತಮ್ಮೂರ ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುತ್ತಿದ್ದ ಮೇಲ್ ರೈಲಿನ ಕತೆ ಹೇಳುತ್ತಿದ್ದರು. ಆ ದಿನಗಳಲ್ಲಿ ನಾನು ಎಷ್ಟು ನಕ್ಕೆನೋ, ಅದಕ್ಕೆ ಹಿಂದೆ ಅಷ್ಟು ನಕ್ಕಿರಲಿಲ್ಲ.

ಮಾಗಿಯ ಒಂದು ಸಂಜೆ. ಪೆನ್ಸಿಲ್ ತಟ್ಟುತ್ತಿದ್ದೆ. ಕಣ್ಣೆದುರಿನ ಕೊಳವೆ ನಿಂತುಹೋಯಿತು.

ತೆರೆದುಕೊಂಡೇ ನಿಂತಿತು. ನನ್ನ ಕೈಯೂ ನಿಂತಿತು. ಸತ್ತುಹೋಯಿತು ಎಂದುಕೊಂಡೆ. ಕಣ್ಣು ತೆಗೆಯಬೇಕೆನಿಸಿತು, ತೆಗೆಯಲಿಲ್ಲ. ಹಾಗೆ ನಿಂತಿದ್ದಾಗ ಕೊಳವೆ ಇನ್ನೂ ಸ್ವಲ್ಪ ಅಗಲವಾಯಿತು. ಆಮೇಲೆ ಒಂದು ಬಡಿತ... ಅದುವರೆಗೆ ನೋಡಿದ ಎಲ್ಲಕ್ಕಿಂತ ದೊಡ್ಡದು. ಗೋಡೆಗಳು ಒಂದಕ್ಕೊಂದು ಅಪ್ಪಳಿಸಿದ ಹಾಗೆ. ಅದರ ಹಿಂದೆ ಮತ್ತೊಂದು ಅದಕ್ಕಿಂತ ಚಿಕ್ಕದು, ಮತ್ತೊಂದು, ಹಾಗೇ ಮಾಮೂಲಿಗೆ ಬಂತು.

"ಯಾಕಮ್ಮ ತಟ್ಟೋದು ಬಿಟ್ಟೆ?"

"ನಿಂತೋಗಿತ್ತು ಸಾರ್. ಆಮೇಲೆ ದೊಡ್ಡದಾಗಿ ಹೊಡೀತು."

ಅವರು ಗಡಿಯಾರ ಕೆಳಗಿಟ್ಟು ಎದ್ದೇ ಬಂದರು. "ದೊಡ್ಡದಾಗಿ ಅಂದ್ರೆ? ಎಷ್ಟು ಗೆರೆ?" ಎಂದು ಕೇಳುತ್ತಾ ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. ನಾನು ಅಳುತ್ತಿದ್ದೆ.

"ನಂಗೂ ಹಂಗೇ ಆಗುತ್ತೆ ಸಾರ್," ಎಂದೆ.

ಏಳು ವರ್ಷ ಯಾರಿಗೂ ಹೇಳದೆ ಇದ್ದದ್ದನ್ನು ಆ ಸಂಜೆ ಆ ಬಾಟಲಿಗಳ ಮುಂದೆ ಹೇಳಿದೆ. ಹೇಗೆ ನಿಲ್ಲುತ್ತದೆ, ಹೇಗೆ ಗುದ್ದುತ್ತದೆ, ನಾನು ಏನೆಂದುಕೊಂಡಿದ್ದೆ, ಎಲ್ಲ. ಗುದ್ದು ಬಂದಾಗ ಒಳಗೆ ಏನೋ ಹರಿದುಹೋಗುತ್ತಿದೆ ಎಂದುಕೊಂಡಿದ್ದೆ. ಈಗ ನೋಡಿದರೆ, ನಿಂತ ಹೊತ್ತಿನಲ್ಲಿ ಅದು ಚೆನ್ನಾಗಿ ತುಂಬಿಕೊಂಡು, ಆಮೇಲೆ ಗಟ್ಟಿಯಾಗಿ ಹೊಡೆಯುತ್ತದೆ, ಅಷ್ಟೇ ಅಲ್ಲವಾ ಸಾರ್ ಎಂದು ಕೇಳಿದೆ. ಹೌದು ಎಂದುಬಿಡಲಿ ಎಂದು ಎಷ್ಟು ಆಸೆಯಾಗಿತ್ತು.

ಮೇಷ್ಟ್ರು ಹೌದು ಎನ್ನಲಿಲ್ಲ. ಮುಖ ಒರೆಸಿಕೊಳ್ಳಲು ತಮ್ಮ ಕರವಸ್ತ್ರ ಕೊಟ್ಟರು. ಅದಕ್ಕೆ ನೊಣಗಳಿಗೆ ಮತ್ತು ಬರಿಸುವ ಈಥರಿನ ವಾಸನೆ ಇತ್ತು. "ನೋಡಮ್ಮ, ಇದು ನೊಣ. ನೀನು ಮನುಷ್ಯ ಜಾತಿ. ನೊಣ ನೋಡಿ ನಿನಗೆ ಧೈರ್ಯ ಹೇಳೋಕೆ ನಾನು ಡಾಕ್ಟ್ರಲ್ಲ. ಡಾಕ್ಟ್ರ ಹತ್ರ ಹೋಗಣ. ನಿಮ್ಮಪ್ಪಂಗೂ ಹೇಳಿ ಕಳ್ಸಣ."

ಅಪ್ಪನಿಗೆ ಬೇಡ ಎಂದು ಬೇಡಿಕೊಂಡೆ. ಅವರು ಒಪ್ಪಲಿಲ್ಲ. "ಮಗಳ ಗುಂಡಿಗೆ ವಿಷಯ ಅಪ್ಪಂಗೆ ಗೊತ್ತಿಲ್ದೆ ಇರಬಾರ್ದು" ಎಂದರು. ನನಗೆ ಅವರ ಮೇಲೆ ಸಿಟ್ಟು ಬಂತು. ಎರಡು ದಿನ ಮಾತಾಡಿಸಲಿಲ್ಲ.

ಸುದ್ದಿ ಮುಟ್ಟಿದ ಮೇಲೆ ಅಪ್ಪ ಮೊದಲ ರೈಲಿಗೇ ಬಂದರು. ಊರ ಆಚೆ ಆಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರಮ್ಮ ಒಬ್ಬರಿದ್ದರು. ಅಕ್ಕಾವ್ರು ನನ್ನ ಜೊತೆ ಒಳಗೆ ಬಂದರು. ಅಪ್ಪ ಮತ್ತು ಮೇಷ್ಟ್ರು ಬಾಗಿಲ ಬಳಿ ನಿಂತರು. ಡಾಕ್ಟರಮ್ಮ ಬಹಳ ಹೊತ್ತು ಎದೆ, ಬೆನ್ನು ಎಲ್ಲ ಕೇಳಿದರು. ಆಮೇಲೆ ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿದು ಬಾ ಎಂದರು. ಅಪ್ಪ ಗಾಬರಿಯಾಗಿ ಅಡ್ಡ ಬಂದರು. "ಹತ್ತಿಸ್ಬೇಡಿ ತಾಯಿ, ಗುಂಡಿಗೆ ವೀಕು." ಡಾಕ್ಟರಮ್ಮ ಅವರನ್ನು ಪಕ್ಕಕ್ಕೆ ಸರಿಸಿ ನನ್ನನ್ನು ಹತ್ತಿಸಿದರು. ಇನ್ನೊಮ್ಮೆ ಹತ್ತಿಸಿದರು. ಮತ್ತೆ ಕೇಳಿದರು. ನಾನು ಕೂತು ಸುಧಾರಿಸಿಕೊಳ್ಳುತ್ತಿದ್ದಾಗ, ಇದೋ ಬಂತು, ತಪ್ಪಿತು, ಎಂದು ಅವರೇ ಹೇಳಿದರು. ನನಗೆ ಗೊತ್ತಾದದ್ದನ್ನೇ ಅದೇ ಹೊತ್ತಿಗೆ ಇನ್ನೊಬ್ಬರು ಹೇಳಿದ್ದು ಅದೇ ಮೊದಲು. ಒಳಗಿನ ಗುಟ್ಟು ಅದರಿಂದಲೇ ಅರ್ಧ ಹಗುರವಾಯಿತು.

ಆಮೇಲೆ ಅವರು ಒಂದು ಕೆಲಸ ಮಾಡಿದರು. ಕೊಳವೆಯನ್ನು ಅಪ್ಪನ ಕಿವಿಗೆ ಹಾಕಿದರು. ಅಪ್ಪ ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡು, ತಲೆ ಬಗ್ಗಿಸಿ, ಕಣ್ಣು ಮುಚ್ಚಿ ಕೇಳಿದರು. ಎಷ್ಟೋ ಹೊತ್ತು ಕೇಳಿದರು. ಅವರ ಮುಖ ಒಂದು ಸಲ ಬಿಳುಚಿ, ಮರುಕ್ಷಣ ಸಡಿಲವಾದದ್ದನ್ನು ನಾನು ನೋಡಿದೆ.

"ನಿಂತು, ಆಮೇಲೆ ಗುದ್ತು," ಎಂದರು. "ಇದೇನಾ ತಾಯಿ?"

"ಇದೇ. ಇದರಿಂದ ಅವಳಿಗೆ ಏನೂ ಆಗಲ್ಲ," ಎಂದರು ಡಾಕ್ಟರಮ್ಮ. ಹಳೆಯ ಜ್ವರದ ಗುರುತು ಕವಾಟದಲ್ಲಿ ಸ್ವಲ್ಪ ಉಳಿದಿದೆ, ಜ್ವರ ಮರುಕಳಿಸದ ಹಾಗೆ ಕೆಲವು ವರ್ಷ ತಿಂಗಳಿಗೊಂದು ಸೂಜಿ ಹಾಕಿಸಬೇಕು, ಅದು ಬಿಟ್ಟರೆ ಈ ಹುಡುಗಿಯನ್ನು ಕೂರಿಸಿ ಕೂರಿಸಿ ನೀವೇ ಸೊರಗಿಸಿದ್ದೀರಿ, ನಡೆಯಲಿ, ಹತ್ತಲಿ, ನೀರು ಸೇದಲಿ ಎಂದರು. ಮದುವೆಯಾಗಿ ಮಕ್ಕಳು ಮರಿ ಆಗುವುದಕ್ಕೂ ಅಡ್ಡಿಯಿಲ್ಲ ಎಂದೂ ಸೇರಿಸಿದರು.

ಹೊರಗೆ ಬಂದಾಗ ಹೊಂಗೆಯ ಮರದಡಿ ಅಪ್ಪ ಮೇಷ್ಟ್ರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಗಂಟು ಕಟ್ಕೋ. ಊರಿಗೆ ಹೋಗಣ. ಸಂಬಂಧ ನೋಡ್ಬೇಕು," ಎಂದರು.

ಅವರ ದನಿಯಲ್ಲಿ ಇದ್ದದ್ದು ಬರೀ ಸಂತೋಷ. ಏಳು ವರ್ಷ ಎದೆಯ ಮೇಲಿದ್ದ ಚಪ್ಪಡಿಕಲ್ಲು ಸರಿದ ಮನುಷ್ಯ, ಬೇರೆ ಹೆಣ್ಣುಮಕ್ಕಳಿಗೆ ಮಾಡುವುದನ್ನು ತನ್ನ ಮಗಳಿಗೂ ಮಾಡಬಹುದು ಎಂದು ಹಿಗ್ಗಿದ್ದರು. ಓದುವುದಕ್ಕೆ ಬಿಟ್ಟಿದ್ದೇ ಕಾಯಿಲೆಗೆ. ಕಾಯಿಲೆ ಇಲ್ಲವೆಂದ ಮೇಲೆ ಓದು ಯಾಕೆ? ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾನು ಮಾತ್ರ ಆ ಮರದ ಕೆಳಗೆ ಬೇರು ಬಿಟ್ಟವಳ ಹಾಗೆ ನಿಂತೆ.

ಮೇಷ್ಟ್ರು ಏನಾದರೂ ಹೇಳಲಿ ಎಂದು ಅವರ ಮುಖ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ನೀನು ಹೇಳು ಎಂದು ಕಾಯುತ್ತಿರುವ ಹಾಗೆ. ನನ್ನ ಎದೆ ಆ ಬೆಚ್ಚನೆಯ ನೀರಿನ ಮೇಲಿನ ಹುಳದ ಎದೆಯ ಹಾಗೆ ಓಡುತ್ತಿತ್ತು. ಅಪ್ಪನ ಮುಂದೆ ಅದುವರೆಗೆ ನಾನು ಒಂದಕ್ಕೂ ಇಲ್ಲ ಎಂದವಳಲ್ಲ.

"ನಾನು ಬರಲ್ಲ ಅಪ್ಪ," ಎಂದೆ. "ಸಾರ್ ಜೊತೆ ಒಂದು ಕೆಲ್ಸ ಹಿಡಿದಿದೀನಿ. ಅದು ಮುಗೀಬೇಕು. ನನ್ನ ಓದೂ ಮುಗೀಬೇಕು. ಆಮೇಲೆ ನೀನು ಹೇಳಿದ ಹಂಗೆ ಕೇಳ್ತೀನಿ."

ಅಪ್ಪ ಕೋಪಿಸಿಕೊಳ್ಳಲಿಲ್ಲ, ತಬ್ಬಿಬ್ಬಾದರು. "ಏನು ಕೆಲ್ಸ?" ಎಂದು ಮೇಷ್ಟ್ರನ್ನು ಕೇಳಿದರು. ಮೇಷ್ಟ್ರು ಅವರನ್ನು ಸೀದಾ ಪ್ರಯೋಗಶಾಲೆಗೆ ಕರೆದುಕೊಂಡು ಹೋದರು. ಕಿಟಕಿಯ ಬಳಿ ಕೂರಿಸಿ ಒಂದು ಬಿಳಿ ಚಿಪ್ಪು ಇಟ್ಟು ತೋರಿಸಿದರು. ಆಗಷ್ಟೇ ಮಗಳ ಎದೆ ಕೇಳಿ ಬಂದಿದ್ದ ಅಪ್ಪ, ಆ ಗಾಜಿನಲ್ಲಿ ಕಣ್ಣಿಟ್ಟು, ಅರಿವಿಲ್ಲದೆ ತಮ್ಮ ಬೆರಳಿನಿಂದ ಮೇಜು ತಟ್ಟತೊಡಗಿದರು. ಅದನ್ನು ನೋಡಿ ನಾನೂ ಅಕ್ಕಾವ್ರೂ ಮುಖ ಮುಖ ನೋಡಿಕೊಂಡೆವು.

ಒಪ್ಪಿಗೆ ಮಾತ್ರ ಅವತ್ತು ಸಿಗಲಿಲ್ಲ. ಮನೇಲಿ ಕೇಳಿ ಹೇಳ್ತೀನಿ ಎಂದು ಹೋದರು. ಮರುವಾರ ಅಮ್ಮ ಬಂದಳು, ಒಬ್ಬಳೇ. ಹಾಗೆ ಒಬ್ಬಳೇ ರೈಲು ಹತ್ತಿದ್ದು ಅವಳ ಬದುಕಿನಲ್ಲಿ ಅದೇ ಮೊದಲು. ಅಕ್ಕಾವ್ರ ಮನೆಯ ಪಡಸಾಲೆಯಲ್ಲಿ ಕೂತು, ಕಾಫಿ ಕುಡಿದು, ನನ್ನ ಬೆನ್ನಿನ ಮೇಲೆ ಕೈಯಾಡಿಸಿ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮೇಷ್ಟ್ರಿಗೆ ಹೇಳಿದಳು: "ಗುಂಡಿಗೆ ವೀಕು ಅಂತ ಇಷ್ಟು ದಿನ ನಮ್ ಕಣ್ಮುಂದೆ ಇಟ್ಕಂಡಿದ್ವಿ. ಬಾಗುಂದಿ, ಚೆನ್ನಾಗೈತೆ ಅಂದ್ಮೇಲೆ ಇನ್ನೇನು ಭಯ ಸಾಮಿ? ಎಲ್ಲಿದ್ರೂ ಬದುಕ್ಕಂತಾಳೆ. ಓದ್ಲಿ. ಅವ್ರಿಗೆ ನಾನು ಹೇಳ್ಕಂತೀನಿ."

ಅಪ್ಪನ ಲೆಕ್ಕವನ್ನೇ ಅವಳು ತಿರುಗಿಸಿ ಹಾಕಿದ್ದಳು. ಅಪ್ಪನಿಗೆ ಅವಳು ಏನು ಹೇಳಿಕೊಂಡಳೋ ನಾನು ಕೇಳಲಿಲ್ಲ... ಡಿಗ್ರಿ ಮುಗಿಯುವವರೆಗೂ ಮನೆಯಲ್ಲಿ ಸಂಬಂಧದ ಮಾತು ಏಳಲಿಲ್ಲ.

ಆ ಬೇಸಿಗೆಗೆ ಮುಂಚೆ ನಾವು ಹುಡುಗಿಯರೆಲ್ಲ ಕಳವಾರದ ಬೆಟ್ಟಕ್ಕೆ ಹೋದೆವು. ಬೆಟ್ಟದಲ್ಲಿ ಸಿಗುವ ಹುಳಹುಪ್ಪಟೆ ತೋರಿಸುತ್ತೇನೆಂದು ಮೇಷ್ಟ್ರೂ ಬಂದರು. ಅಕ್ಕಾವ್ರು ಬುತ್ತಿ ಕಟ್ಟಿಕೊಂಡು ಬಂದರು. ನನ್ನ ಬದುಕಿನಲ್ಲಿ ಹತ್ತಿದ ಮೊದಲ ಬೆಟ್ಟ ಅದು. ಸ್ವಲ್ಪ ಹತ್ತುವುದು, ಬಂಡೆಯ ಮೇಲೆ ಕೂರುವುದು, ಮತ್ತೆ ಹತ್ತುವುದು. ಅರ್ಧ ದಾರಿಯಲ್ಲಿ ಬಡಿತ ಒಂದು ಸಲ ತಪ್ಪಿತು. ನಾನು ನಿಂತೆ. ಧಡ್ ಎಂದಿತು. ಆ ಬಂಡೆಯ ಮೇಲೆ ನಿಂತು ನಾನು ನಕ್ಕುಬಿಟ್ಟೆ. ಹಿಂದೆ ಏದುಸಿರು ಬಿಡುತ್ತಾ ಬರುತ್ತಿದ್ದ ಮೇಷ್ಟ್ರು, "ನಗೋಕೆ ಉಸಿರಾದ್ರೂ ಉಳಿದಿದೆಯಲ್ಲ ನಿನಗೆ. ನನಗಿಲ್ಲ ಕಣಮ್ಮ, ನೀನು ಮುಂದೆ ನಡಿ," ಎಂದು ಅಲ್ಲೇ ಕೂತರು. ನಾನು ಮುಂದೆ ನಡೆದೆ. ಮೇಲಿನಿಂದ ನೋಡಿದರೆ ಅವರೂ ಅಕ್ಕಾವ್ರೂ ಒಂದು ಹೊದರಿನ ನೆರಳಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಹುಳಹುಪ್ಪಟೆಯ ನೆನಪು ಅವರಿಗೆ ಇದ್ದ ಹಾಗೆ ಕಾಣಲಿಲ್ಲ.

ನೊಣದ ಕೆಲಸವನ್ನು ಇನ್ನೂ ಎರಡು ಚಳಿಗಾಲ ಮಾಡಿದೆವು. ನೀರು ಮುಟ್ಟದೆ, ಬಿಸಿ ಮಾಡದೆ, ಅದರ ಪಾಡಿಗೆ ಅದು ನಿಲ್ಲುವ, ಓಡುವ ಹೊತ್ತುಗಳನ್ನೇ ಕಾದು ಅಳೆದೆವು. ನಿಂತು ಹೊಡೆದಾಗ ದೊಡ್ಡದು, ಓಡಿದಾಗ ಚಿಕ್ಕದು. ಮತ್ತೆ ಮತ್ತೆ ಅದೇ ಕಂಡಿತು. ತುಂಬಿಕೊಳ್ಳಲು ಹೊತ್ತು ಸಾಲದೆ ಹೀಗಾಗುತ್ತದೆಯೋ, ಮಾಂಸಕ್ಕೇ ಸುಧಾರಿಸಿಕೊಳ್ಳಲು ಹೊತ್ತು ಬೇಕೋ ಎಂಬುದು ಮಾತ್ರ ನಮ್ಮ ಪೆನ್ಸಿಲ್ಲಿಗೂ ಗಡಿಯಾರಕ್ಕೂ ಸಿಕ್ಕಲಿಲ್ಲ. ಮೇಷ್ಟ್ರು ಅದನ್ನು ಬರೆದು, ನನ್ನ ಹೆಸರನ್ನೂ ಸೇರಿಸಿ, ದೂರದ ಒಂದು ವಿಜ್ಞಾನ ಪತ್ರಿಕೆಗೆ ಕಳಿಸಿದರು. ಕಣ್ಣಳತೆ ಸಾಲದು, ಬಡಿತವನ್ನು ಬೇಕಾದ ವೇಗಕ್ಕೆ ನೀವೇ ನಡೆಸಿ, ಚಿತ್ರ ತೆಗೆದು ಅಳೆದು ತೋರಿಸಿ ಎಂದು ಅದು ವಾಪಸಾಯಿತು. ನನಗೆ ಅಳು ಬಂತು. ಅವರು ಅದನ್ನು ಎರಡು ಸಲ ಓದಿ, "ಸರಿಯಾಗೇ ಹೇಳಿದಾರೆ. ನಾನಾಗಿದ್ರೂ ಇದನ್ನೇ ಕೇಳ್ತಿದ್ದೆ," ಎಂದರು. ಆಮೇಲೆ ಬಾಟಲಿಗಳಿಗೆ ಹೊಸ ಅಡುಗೆ ಹಾಕಲು ಎದ್ದರು. ಅವರಿಗೆ ಬೇಸರವಾಗಿರಲಿಲ್ಲವೆಂದಲ್ಲ. ಒಳ್ಳೆಯ ಪ್ರಶ್ನೆ ಕೇಳಿದವರ ಮೇಲೆ ಬೇಸರ ಮಾಡಿಕೊಳ್ಳುವುದು ಅವರಿಗೆ ಗೊತ್ತಿರಲಿಲ್ಲ.

ನಾನು ಗೌರಿಬಿದನೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನದ ಟೀಚರಾದೆ. ಅಲ್ಲಿಯೇ ರೈಲ್ವೆಯಲ್ಲಿದ್ದವರೊಬ್ಬರನ್ನು ಮದುವೆಯಾದೆ. ನನ್ನ ಎದೆಯ ವಿಷಯ ಮೊದಲೇ ಹೇಳಿದಾಗ ಅವರು, ಗಾಡಿ ಕೂಡ ಸಿಗ್ನಲ್ ಸಿಕ್ಕದೆ ನಿಂತು, ಆಮೇಲೆ ಹೊರಡುತ್ತದಲ್ಲ ಎಂದಿದ್ದರು. ಇಬ್ಬರು ಮಕ್ಕಳು ಹುಟ್ಟಿದರು. ಮೇಷ್ಟ್ರು ನಿವೃತ್ತರಾಗಿ ಗೌರಿಬಿದನೂರಿನಲ್ಲೇ ಮನೆ ಮಾಡಿದರು. ವಾರಕ್ಕೆರಡು ಸಂಜೆ ಅವರ ಜಗಲಿಯಲ್ಲಿ ನನ್ನ ಕಾಫಿ. ಮಕ್ಕಳು ಅವರನ್ನು ನೊಣದ ತಾತ ಎಂದು ಕರೆಯುತ್ತಿದ್ದರು. ಅವರಿಗೆ ಆ ಹೆಸರಿನ ಮೇಲೆ ಬಹಳ ಹೆಮ್ಮೆ.

ಅವರು ಹೋದದ್ದು ಒಂದು ಬೆಳಗ್ಗೆ, ಪತ್ರಿಕೆ ಓದುತ್ತಾ ಕೂತಲ್ಲೇ. ನಾನು ಓಡಿಹೋದಾಗ ಅಕ್ಕಾವ್ರು ಅವರ ಕೈ ಹಿಡಿದುಕೊಂಡು ಕೂತಿದ್ದರು. "ಕನ್ನಡಕ ತೆಗೀತಿದ್ರು ಕಣೇ, ಒರಸ್ಕೊಳ್ಳೋಕೆ," ಎಂದರು. ಅದಾದ ಮೇಲೂ ಎಷ್ಟೋ ವರ್ಷ ವಾರಕ್ಕೆರಡು ಸಂಜೆ ನಾನು ಹೋಗುತ್ತಿದ್ದೆ. ಆಮೇಲೆ ಅಕ್ಕಾವ್ರೂ ಹೋದರು. ಆ ಜಗಲಿ ಇದ್ದ ಜಾಗದಲ್ಲಿ ಈಗ ಬೇರೆಯವರ ಮನೆ ಎದ್ದಿದೆ.

ಪೂಜೆ ಮುಗಿದ ಮಾರನೇ ದಿನ ಮೊಮ್ಮಗಳು ಬಂದಿದ್ದಳು. ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಾಳೆ. ವಾಸನೆಯ ನೆನಪಿನಿಂದ ಶುರುವಾಗಿ ನಾನು ಈ ಕತೆಯೆಲ್ಲ ಹೇಳಿದ್ದಕ್ಕೆ, ಅವಳು ಫೋನು ತೆಗೆದು ಹುಡುಕಿ ಒಂದು ಚಿತ್ರ ಓಡಿಸಿದಳು. ನೊಣದ ಹೃದಯ. ಅದೇ ಕೊಳವೆ, ಅದೇ ಎರಡು ಗೋಡೆ, ನಮ್ಮ ಹಿತ್ತಾಳೆಯ ಗಾಜಿಗಿಂತ ಎಷ್ಟೋ ಸ್ಪಷ್ಟ. ಈಗ ಬೆಳಕಿನ ಮಿಣುಕು ಬಿಟ್ಟು ಅದನ್ನು ಬೇಕಾದ ವೇಗಕ್ಕೆ ಹೊಡೆಸುತ್ತಾರಂತೆ.

"ನೋಡಜ್ಜಿ, ಈಗ ಸ್ಪೀಡ್ ಜಾಸ್ತಿ ಮಾಡ್ತಾರೆ," ಎಂದಳು.

ಬಡಿತ ಹೆಚ್ಚಿತು. ಹಿಡಿತ ಚಿಕ್ಕದಾಯಿತು. ಮಿಣುಕು ನಿಂತಿತು, ಕೊಳವೆ ತೆರೆದು ಕಾಯಿತು, ಆಮೇಲೆ ಗಟ್ಟಿಯಾಗಿ ಹೊಡೆಯಿತು.

"ನೀವು ಹೇಳಿದ ಹಂಗೇ ಇದೆ ಅಲ್ವಾ?"

"ಹೌದಮ್ಮ, ಹಂಗೇ ಇದೆ," ಎಂದೆ.

ಇನ್ನೊಮ್ಮೆ ಹಾಕು ಎಂದು ಹೇಳಿ, ಮತ್ತೆ ನೋಡಿದೆ. ಸಂತೋಷವಾಗಿತ್ತು; ಹೇಳಿಕೊಳ್ಳಬೇಕು ಎನ್ನುವಂಥ ಸಂತೋಷ. ಮೊಮ್ಮಗಳಿಗೆ ಹೇಳಿದೆ, ಸೊಸೆಗೆ ಹೇಳಿದೆ, ಫೋನು ಮಾಡಿ ಮಗಳಿಗೂ ಹೇಳಿದೆ. ಎಲ್ಲರೂ ಪ್ರೀತಿಯಿಂದ ಕೇಳಿದರು. ಇದನ್ನು ಕೇಳಿ, ಕುರ್ಚಿ ಮುಂದಕ್ಕೆಳೆದುಕೊಂಡು, ಎಷ್ಟು ಗೆರೆ ಎಂದು ಕೇಳುವವರು ಒಬ್ಬರೇ ಇದ್ದರು.